ಕ್ಷೌರಕತ್ತಿಯ ಓನಾಮ

ಗಂಡಸಾಗಿ ಹುಟ್ಟಿದವನಿಗೆ ದಿನವೂ ತಪ್ಪದ ಕೊಯ್ಲೊಂದುಂಟು. ಬಿತ್ತುವವರಿಲ್ಲ, ನೀರೆರೆಯುವವರಿಲ್ಲ, ಆದರೂ ಬೆಳಗಾಗುವಷ್ಟರಲ್ಲಿ ಗಲ್ಲದ ಮೇಲೆ ಬೆಳೆ ತಲೆಯೆತ್ತಿ ನಿಂತಿರುತ್ತದೆ. ಈಗಿನವರು ಈ ಕೊಯ್ಲನ್ನು ಎರಡು ನಿಮಿಷಗಳಲ್ಲಿ ಮುಗಿಸಿ, ಸವೆದ ಬ್ಲೇಡನ್ನು ಕಸದ ಬುಟ್ಟಿಗೆಸೆದು, ಬಸ್ಸಿಗೆ ಓಡುತ್ತಾರೆ. ನಾನೂ ಮೂವತ್ತು ವರ್ಷ ಹಾಗೆಯೇ ಓಡಿದವನು. ಮಡಿಸುವ ಹಿಡಿಯ ಹಳೆಯ ಕ್ಷೌರಕತ್ತಿಯನ್ನು ಕೈಯಲ್ಲಿ ಹಿಡಿಯುವ ಬುದ್ಧಿ ನನಗೆ ಬಂದದ್ದು ತಲೆ ನರೆತ ಮೇಲೆ. ಅದಕ್ಕೆ ಕಾರಣ ಶೋಕಿಯಲ್ಲ. ತೀರಿಸಲಾಗದೆ ಉಳಿದ ಒಂದು ಸಣ್ಣ ಋಣ.

ನಮ್ಮ ತಂದೆ ಮೈಸೂರು ಸೀಮೆಯಿಂದ ಕೊಡಗಿಗೆ ಬಂದು ಹುದಿಕೇರಿಯಲ್ಲಿ ನೆಲೆಸಿದ ಶಾಲಾ ಮೇಷ್ಟ್ರು. ಗೋಣಿಕೊಪ್ಪಲಿನಿಂದ ಪೊನ್ನಂಪೇಟೆಯ ಮೇಲೆ ದಕ್ಷಿಣಕ್ಕೆ, ಶ್ರೀಮಂಗಲದ ಕಡೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳೂ ಬತ್ತದ ಗದ್ದೆಗಳೂ ಸುತ್ತುವರಿದ ಊರದು. ನಮ್ಮ ಬಚ್ಚಲು ಮನೆಯಲ್ಲಿ ಹಗಲಿನಲ್ಲಿಯೂ ಕತ್ತಲೆ. ಆದುದರಿಂದ ಅಪ್ಪ ಜಗುಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಹಂಡೆಯ ಬಿಸಿನೀರನ್ನು ಹಿತ್ತಾಳೆ ಚೊಂಬಿನಲ್ಲಿ ತಂದಿಟ್ಟುಕೊಂಡು, ಕಿಟಕಿಯ ಸರಳಿಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಎಳೆಯುತ್ತಿದ್ದರು. ‘ಸರ್‌—ಪಟ್, ಸರ್‌—ಪಟ್’ ಎಂಬ ಆ ಸದ್ದೇ ನಮಗೆ ಬೆಳಗಿನ ಗಡಿಯಾರ.

ಅಪ್ಪನ ಕೊನೆಯ ಆಷಾಢದಲ್ಲಿ ಅವರ ಕೈ ನಡುಗತೊಡಗಿತು. ಹಾಸಿಗೆ ಹಿಡಿದ ಮೇಲೊಂದು ದಿನ ಗಲ್ಲವನ್ನು ಸವರಿಕೊಂಡು, “ನನ್ನ ಕತ್ತಿಯಲ್ಲಿ ಒಮ್ಮೆ ನೀನೇ ಮಾಡಿಬಿಡೋ” ಎಂದರು. ನಾನು ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿದೆ. ಅವರ ಕೊರಳ ಬಳಿ ಒಯ್ದೆ. ಕೈ ಮುಂದೆ ಹೋಗಲಿಲ್ಲ. ಹೊರಗೆ ಬಿಡದೆ ಸುರಿಯುತ್ತಿದ್ದ ಮಳೆ. ಪೇಟೆಯಿಂದ ಕ್ಷೌರಿಕನನ್ನು ಕರೆತರುವುದಕ್ಕೆ ಎರಡು ದಿನ ಹಿಡಿಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಆ ವಾರವೇ ಅವರು ತೀರಿಕೊಂಡರು. ಅಂದು ಅದ್ದಿದ ಕತ್ತಿಯನ್ನು ಒರೆಸಿದೆನೋ ಇಲ್ಲವೋ ನೆನಪಿಲ್ಲ; ಯಾರೋ ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟರು.

ಅನೇಕ ವರ್ಷಗಳ ಅನಂತರ ಮನೆಯನ್ನು ದುರಸ್ತಿ ಮಾಡಿಸುವಾಗ ಆ ಟ್ರಂಕು ಕಣ್ಣಿಗೆ ಬಿತ್ತು. ಕತ್ತಿಯನ್ನು ತೆಗೆದುಕೊಂಡು ನೆರೆಯ ನಿವೃತ್ತ ಸುಬೇದಾರರಲ್ಲಿಗೆ ಹೋದೆ. ಎಂಬತ್ತು ದಾಟಿದ ಕೊಡವ ಹಿರಿಯರು. ಇಂದಿಗೂ ತಂದೆಯ ಕಾಲದ ಕತ್ತಿಯಲ್ಲಿಯೇ ಮುಖಕ್ಷೌರ ಮಾಡಿಕೊಳ್ಳುವವರು. ಅಲಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ನೋಡಪ್ಪಾ, ತುಕ್ಕು ಮೈಮೇಲಿದ್ದರೆ ಉಜ್ಜಿ ತೆಗೆಯಬಹುದು. ಇದು ಬಾಯಿಗೇ ಹತ್ತಿಬಿಟ್ಟಿದೆ. ಇಲ್ಲಿಂದ ಇಲ್ಲಿಯವರೆಗೆ ಕುಳಿ ಬಿದ್ದಿದೆ. ಇನ್ನು ಇದು ಮುಖಕ್ಕೆ ಬೇಡ.”

“ಮಸೆಯಿಸಿದರೆ ಆಗದೇ, ಸುಬೇದಾರರೇ?”

“ಮಸೆದಷ್ಟೂ ಒಳಗೆ ಇನ್ನೊಂದು ಕುಳಿ ಸಿಗುತ್ತದೆ. ನಿಮ್ಮ ತಂದೆ ನಲವತ್ತು ಮಳೆಗಾಲ ಕಾಪಾಡಿದ್ದರು. ನೀನು ಒಂದು ಮಳೆಗಾಲ ಮರೆತೆ.”

ನನ್ನ ಮುಖ ಸಪ್ಪಗಾದುದನ್ನು ಕಂಡು ಅವರೇ ಮಾತು ಬೆಳೆಸಿದರು: “ಮುಖಕ್ಕೆ ಬೇಡ ಎಂದೆ, ಕೆಲಸಕ್ಕೆ ಬಾರದು ಎನ್ನಲಿಲ್ಲ. ನಾಳೆ ಬಾ.”

ಉಕ್ಕಿನ ಪೂರ್ವಕಥೆ

ನಾಳೆಗೆ ಹೋಗುವ ಮುನ್ನ ಈ ಆಯುಧದ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಲೋಹದ ಕತ್ತಿಯಿಂದ ಕೂದಲು ತೆಗೆಯುವ ಕಲೆ ಬಹು ಪುರಾತನ. ಆದರೆ ಹಿಡಿಯೊಳಗೆ ಮಡಿಸಿಡುವ ತೆಳು ಅಲಗಿನ ಕ್ಷೌರಕತ್ತಿ ಮನೆಮನೆಗೂ ಬಂದದ್ದು 18ನೆಯ ಶತಮಾನದಿಂದೀಚೆಗೆ. ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಜೋಲಿಂಗೆನ್ ನಗರಗಳು ಇದಕ್ಕೆ ಜಗತ್ಪ್ರಸಿದ್ಧವಾದುವು. ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವುದು ಹೇಗೆಂದು ಕಲಿಸಲು ಜ್ಯಾಕ್ ಪೆರ್ರೆ ಎಂಬ ಫ್ರೆಂಚ್ ಕತ್ತಿಗಾರನು 1770ರ ಸುಮಾರಿಗೆ ಒಂದು ಪುಸ್ತಕವನ್ನೇ ಬರೆದನು. ಅಂದಮೇಲೆ, ಈ ವಿದ್ಯೆಗೆ ಗುರುಮುಖ ಬೇಕೆಂಬುದು ಆಗಲೇ ತಿಳಿದಿತ್ತೆಂದಾಯಿತು.

ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೊಂದು ಇಲ್ಲಿದೆ. ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕಿಗೆ ಐರೋಪ್ಯರು ‘ವೂಟ್ಜ್’ ಎಂದು ಹೆಸರಿಟ್ಟರು. ನಮ್ಮ ‘ಉಕ್ಕು’ ಎಂಬ ಮಾತೇ ಅಪಭ್ರಂಶವಾಗಿ ಹಾಗಾಯಿತೆಂದು ಅನೇಕ ವಿದ್ವಾಂಸರ ಮತ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಲಂಡನ್ನಿನಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟನು ಅಲಗುಗಳಿಗೆ ಈ ಉಕ್ಕನ್ನು ಬಹುವಾಗಿ ಮೆಚ್ಚಿದ್ದನು. ವಿದ್ಯುಚ್ಛಕ್ತಿಯ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆಯು ಇದೇ ಸ್ಟೋಡಾರ್ಟನ ಜೊತೆಗೂಡಿ ಉಕ್ಕಿನ ಮಿಶ್ರಣಗಳ ಮೇಲೆ ಪ್ರಯೋಗ ನಡೆಸಿ 1820ರಲ್ಲಿ ಪ್ರಕಟಿಸಿದನು. ಅವುಗಳಿಂದಾದ ಕ್ಷೌರಕತ್ತಿಗಳನ್ನು ತನ್ನ ಮಿತ್ರರಿಗೆ ಉಡುಗೊರೆಯಾಗಿಯೂ ಕೊಟ್ಟನು.

ಇಷ್ಟು ಮರ್ಯಾದೆಯಿದ್ದ ಆಯುಧ ಮೂಲೆಗೆ ಬಿದ್ದುದೇಕೆ? ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಬಳಸಿ ಬಿಸುಡುವ ಬ್ಲೇಡಿನ ಯೋಚನೆ ಮಾಡಿದನು. 1903ರಲ್ಲಿ ಅವನ ಕಂಪೆನಿಯಿಂದ ಮಾರಾಟವಾದದ್ದು 51 ರೇಜರುಗಳು, 168 ಬ್ಲೇಡುಗಳು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಂದೇ ಸುಮಾರು 35 ಲಕ್ಷ ರೇಜರುಗಳು ಸರಬರಾಜಾದುವು. ಸಿಪಾಯಿ ಮನೆಗೆ ಮರಳುವಾಗ ಹೊಸ ಅಭ್ಯಾಸವನ್ನೂ ಕೊಂಡೊಯ್ದನು. ಮಸೆಯುವ, ಒರೆಸುವ, ಎಣ್ಣೆ ಸವರುವ ರಗಳೆ ತಪ್ಪಿತು. ಜೊತೆಗೆ ಆ ವಿದ್ಯೆಯೂ ತಪ್ಪಿತು.

ಕತ್ತಿಯ ಅಂಗಾಂಗ

ಮರುದಿನ ಸುಬೇದಾರರು ಪಾಠ ತೊಡಗಿದ್ದು ಶರೀರಶಾಸ್ತ್ರದಿಂದ. ಕ್ಷೌರಕತ್ತಿಗೆ ಪ್ರಾಣಿಗಳಂತೆ ಬೆನ್ನು, ಬಾಯಿ, ಕುತ್ತಿಗೆ, ಬಾಲಗಳೆಲ್ಲ ಉಂಟು. ಹರಿತವಾದ ಅಂಚು ಬಾಯಿ. ಅದರ ಎದುರಿನ ದಪ್ಪ ಭಾಗ ಬೆನ್ನು. ಅಲಗಿನ ಮುಂತುದಿ ಮೂಗು. ಹಿಡಿಯ ಕಡೆಯ ಮೂಲೆ ಹಿಮ್ಮಡಿ. ಅಲಗು ಹಿಡಿಯೊಳಗೆ ಸೇರುವ ಕಿರಿದಾದ ಭಾಗ ಕುತ್ತಿಗೆ. ಹಿಂದಕ್ಕೆ ಬಾಗಿ ಚಾಚಿರುವುದು ಬಾಲ.

ಇವುಗಳಲ್ಲಿ ಬೆನ್ನಿನ ಮಹಿಮೆ ದೊಡ್ಡದು. ಮಸೆಯುವಾಗ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಹಾಗೆ ಹಿಡಿದರೆ ಅಂಚಿನ ಕೋನವನ್ನು ಬೆನ್ನಿನ ದಪ್ಪವೇ ನಿರ್ಣಯಿಸುತ್ತದೆ. ಮಸೆಯುವವನು ಊಹಿಸಬೇಕಾದ ಕಷ್ಟವಿಲ್ಲ. ಅಲಗಿನ ಇಕ್ಕೆಲಗಳನ್ನೂ ಒಳಕ್ಕೆ ಬಾಗುವಂತೆ ಅರೆದಿರುವುದರಿಂದ ಅಂಚು ತೆಳುವಾಗಿರುತ್ತದೆ.

ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ರೂಢಿ. ಹೊಸಬರಿಗೆ 5/8 ಅಂಗುಲದ, ಮೂಗು ದುಂಡಗಿರುವ ಕತ್ತಿ ಉತ್ತಮ. ಮೂಗು ಚೂಪಾಗಿದ್ದರೆ ಕಿವಿಯ ಬಳಿ ಗೀರು ತಪ್ಪದು. ಹೊಳಪಿಗೂ ಕಡಿಮೆ ಬೆಲೆಗೂ ಮರುಳಾಗಿ, ಬಾಯಿ ಹಿಡಿಯದ ಅಲಂಕಾರದ ಕತ್ತಿಗಳನ್ನು ಕೊಳ್ಳಬಾರದು. ಹೊಸ ಕತ್ತಿಯಾದರೂ ಸರಿಯೇ, ಹಳೆಯದಾದರೂ ಸರಿಯೇ, ಕ್ಷೌರಕ್ಕೆ ಸಿದ್ಧವಾಗುವಂತೆ ಬಲ್ಲವರಿಂದ ಮಸೆಯಿಸಿ ಪಡೆಯಬೇಕು. ಕಲಿಯುವವನು ತಾನೇ ಮಸೆಯಲು ಹೊರಟರೆ, ತಪ್ಪು ಕೈಯದೋ ಕತ್ತಿಯದೋ ಎಂಬುದು ತಿಳಿಯದೆ ಎರಡರ ಮೇಲೂ ಸಿಟ್ಟಾಗುತ್ತಾನೆ. ಈಗ ಕ್ಷೌರದಂಗಡಿಗಳಲ್ಲಿ ಕಾಣುವ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯಿಂದಲೂ ಕಲಿಯಬಹುದು. ಅದಕ್ಕೆ ಮಸೆಯುವ ತಾಪತ್ರಯವಿಲ್ಲ; ಆದರೆ ತೂಕ ಕಡಿಮೆ, ಹರಿತ ಹೆಚ್ಚು; ತಪ್ಪಿದ ಕೈಯನ್ನು ಅದು ಕ್ಷಮಿಸುವುದಿಲ್ಲ.

ಮೊದಲು ಪಟ್ಟಿ, ಆಮೇಲೆ ಗಲ್ಲ

ಅಪ್ಪನ ಕತ್ತಿಗೆ ಸುಬೇದಾರರು ಕಂಡುಕೊಂಡ ಕೆಲಸ ಇದು: ಕುಳಿಬಿದ್ದ ಅದರ ಬಾಯಿಯನ್ನು ಕಲ್ಲಿಗೆ ನೇರವಾಗಿ ಉಜ್ಜಿ, ಬೆರಳಿಟ್ಟರೂ ಕೊಯ್ಯದಷ್ಟು ಮೊಂಡುಮಾಡಿ, ನುಣುಪಾಗಿಸಿ ಕೈಗಿತ್ತರು. “ಇದು ನಿನ್ನ ಸ್ಲೇಟು. ಹದಿನೈದು ದಿನ ಇದರಲ್ಲಿ ತಿದ್ದು.”

ಚರ್ಮದ ಪಟ್ಟಿಯ ಮೇಲೆ ಎಳೆಯುವುದಕ್ಕೂ ಕಲ್ಲಿನ ಮೇಲೆ ಮಸೆಯುವುದಕ್ಕೂ ಇರುವ ಭೇದವನ್ನು ಹೊಸಬರು ಮನದಟ್ಟು ಮಾಡಿಕೊಳ್ಳಬೇಕು. ಕಲ್ಲು ಲೋಹವನ್ನು ಸವೆಸಿ ಹೊಸ ಅಂಚನ್ನು ಕೊಡುತ್ತದೆ. ಅಲ್ಲಿ ಬಾಯಿ ಮುಂದಾಗಿ ಚಲಿಸಬೇಕು. ಪಟ್ಟಿಯು ಇರುವ ಅಂಚನ್ನೇ ನೇರ್ಪಡಿಸಿ ನಯಗೊಳಿಸುತ್ತದೆ; ಇಲ್ಲಿ ಬೆನ್ನು ಮುಂದಾಗಿ, ಬಾಯಿ ಹಿಂದಿನಿಂದ ಬರಬೇಕು. ಇದು ತಿರುವುಮುರುವಾದರೆ ಪಟ್ಟಿ ಸೀಳುತ್ತದೆ. ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಿ ಮಗ್ಗುಲು ಬದಲಿಸಬೇಕು. ಬಾಯಿಯ ಮೇಲೆ ಎಂದಿಗೂ ಹೊರಳಿಸಬಾರದು. ಪಟ್ಟಿ ಬಿಗಿಯಾಗಿರಬೇಕು, ಕೈ ಹಗುರವಾಗಿರಬೇಕು. ಪ್ರತಿ ಕ್ಷೌರಕ್ಕೆ ಮುನ್ನ ದಪ್ಪ ಬಟ್ಟೆಯ ಮೇಲೆ ಇಪ್ಪತ್ತು ಸಲ, ಚರ್ಮದ ಮೇಲೆ ನಲವತ್ತು ಸಲ ಹೋಗಿಬಂದರೆ ಸಾಕು. ವೇಗದ ಆಸೆ ಬೇಡ. ಹೀಗೆ ನೋಡಿಕೊಂಡರೆ ಕತ್ತಿಯನ್ನು ಕೆಲವು ತಿಂಗಳಿಗೊಮ್ಮೆ ಮಾತ್ರ ಕಲ್ಲಿಗೆ ಹಚ್ಚಬೇಕಾದೀತು.

ಹದಿನೈದು ದಿನಗಳ ಕಾಲ ಮೊಂಡು ಕತ್ತಿಯನ್ನು ಪಟ್ಟಿಯ ಮೇಲೆ ಎಳೆದೆ. ಸಾಬೂನು ಹಚ್ಚಿದ ಗಲ್ಲದ ಮೇಲೂ ಆಡಿಸಿದೆ. ನೊರೆ ಮಾತ್ರ ಬರುತ್ತಿತ್ತು, ಕೂದಲು ಅಲ್ಲಿಯೇ ಇರುತ್ತಿತ್ತು. ನನ್ನ ಮನೆಯಾಕೆ, “ಹೊಲ ಉಳದೆ ಬರೀ ಗೆರೆ ಎಳೆಯುತ್ತೀರಲ್ಲ!” ಎಂದು ನಕ್ಕಳು. ಆದರೆ ಆ ಅವಧಿಯಲ್ಲಿ ಕೈಗೆ ದಾರಿ ತಿಳಿಯಿತು, ಕೊರಳ ಬಳಿ ನಡುಗುವುದು ನಿಂತಿತು.

ನಿಜವಾದ ಕ್ಷೌರ

ಅನಂತರ ಹರಿತವಾದ ಕತ್ತಿಯೊಂದನ್ನು ತರಿಸಿಕೊಂಡೆ. ಓದುಗರಲ್ಲಿ ಯಾರಿಗಾದರೂ ಮನಸ್ಸಿದ್ದರೆ, ನಾನು ಕಲಿತ ಕ್ರಮ ಹೀಗೆ.

ಸ್ನಾನವಾದ ಮೇಲೆ ಕೂಡುವುದು ಮೇಲು. ನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗುತ್ತದೆ. ಒಣ ಕೂದಲಿಗಿಂತ ಸುಲಭವಾಗಿ ಕತ್ತರಿಸುತ್ತದೆ. ಬಿಸಿನೀರಿನ ಬಟ್ಟೆಯನ್ನು ಎರಡು ನಿಮಿಷ ಗಲ್ಲಕ್ಕೆ ಒತ್ತಿ, ಬ್ರಷ್ಷಿನಿಂದ ಸಾಬೂನಿನ ನೊರೆಯನ್ನು ಮೊಸರಿನಂತೆ ಗಟ್ಟಿಯಾಗಿ ಎಬ್ಬಿಸಬೇಕು. ನೊರೆ ಆರಿದರೆ ಮತ್ತೆ ಹಚ್ಚಬೇಕು.

ಮೊದಲೇ ಗಲ್ಲವನ್ನು ಬೆರಳಿನಿಂದ ಸವರಿ, ಕೂದಲು ಯಾವ ದಿಕ್ಕಿಗೆ ಬೆಳೆದಿದೆಯೆಂದು ತಿಳಿಯಬೇಕು. ಕೆನ್ನೆಯ ಮೇಲೆ ಅದು ಸಾಮಾನ್ಯವಾಗಿ ಕೆಳಮುಖ. ಕೊರಳಿನ ಮೇಲೆ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಮೊದಲ ತಿಂಗಳು ಕೂದಲಿನ ದಿಕ್ಕಿನಲ್ಲಿಯೇ ಎಳೆಯತಕ್ಕದ್ದು. ಎದುರುಮುಖ ಹೋಗಿ ಕನ್ನಡಿಯಂತೆ ನುಣುಪಾಗಿಸುವ ಹಂಬಲವನ್ನು ಆಮೇಲೆ ನೋಡಿಕೊಳ್ಳಬಹುದು.

ಮೂರು ಬೆರಳುಗಳು ಕುತ್ತಿಗೆಯ ಮೇಲೆ, ಹೆಬ್ಬೆರಳು ಅದರ ಕೆಳಗೆ, ಕಿರುಬೆರಳು ಬಾಲದ ಮೇಲೆ—ಇದು ಹಿಡಿಯುವ ರೀತಿ. ಅಲಗು ಚರ್ಮದೊಡನೆ ಸುಮಾರು 30 ಡಿಗ್ರಿ ಕೋನದಲ್ಲಿರಲಿ. ಸ್ಥೂಲವಾಗಿ ಹೇಳುವುದಾದರೆ, ಬೆನ್ನಿಗೂ ಚರ್ಮಕ್ಕೂ ನಡುವೆ ಬೆನ್ನಿನ ದಪ್ಪದ ಎರಡರಷ್ಟು ಅಂತರ. ತೀರ ಮಲಗಿಸಿದರೆ ಕತ್ತಿ ಕೂದಲನ್ನು ಜಗ್ಗುತ್ತದೆ. ತೀರ ನಿಲ್ಲಿಸಿದರೆ ಚರ್ಮವನ್ನು ಹೆರೆಯುತ್ತದೆ. ಒತ್ತುವುದು ಸರ್ವಥಾ ಕೂಡದು. ಒತ್ತಬೇಕೆನಿಸಿದರೆ ಕತ್ತಿ ಹರಿತವಿಲ್ಲವೆಂದೇ ಅರ್ಥ.

ಇನ್ನೊಂದು ಕೈಗೂ ಕೆಲಸವಿದೆ. ಅದೇ ಮುಖ್ಯ ಕೆಲಸ. ಅದು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲ ಚರ್ಮವು ಕತ್ತಿಯ ಮುಂದೆ ಸುಕ್ಕಾಗಿ ಏಳುತ್ತದೆ. ಏಳುವ ಸುಕ್ಕೇ ಗಾಯವಾಗುತ್ತದೆ. ಕತ್ತಿ ಯಾವಾಗಲೂ ಬಾಯಿಗೆ ಅಡ್ಡಲಾದ ನೇರದಲ್ಲಿಯೇ ಸಾಗಬೇಕು. ಗರಗಸದಂತೆ ಉದ್ದಕ್ಕೆ ಜಾರಿದರೆ ಮರುಕ್ಷಣವೇ ಕೊಯ್ಯುತ್ತದೆ.

ಮೊದಲ ವಾರ ಒಂದು ಕೆನ್ನೆ ಮಾತ್ರ. ಉಳಿದುದನ್ನು ನಿತ್ಯದ ರೇಜರಿನಿಂದ ಮುಗಿಸುವುದರಲ್ಲಿ ನಾಚಿಕೆಯೇನಿಲ್ಲ. ಎರಡನೆಯ ವಾರ ಇನ್ನೊಂದು ಕೆನ್ನೆ, ಸಾಧ್ಯವಾದರೆ ಎಡಗೈಯಿಂದ. ಮೂರನೆಯ ವಾರ ಕೊರಳು. ಗದ್ದವೂ ಮೇಲ್ದುಟಿಯೂ ಎಲ್ಲಕ್ಕಿಂತ ಕಡೆಗೆ. ಅಲ್ಲಿ ತಿರುವುಗಳು ಹೆಚ್ಚು.

ನನ್ನ ಗದ್ದದ ಬಲಭಾಗದಲ್ಲಿ ಈಗಲೂ ಒಂದು ಬಿಳಿಯ ಗೆರೆಯಿದೆ. ಇಪ್ಪತ್ತೆರಡನೆಯ ದಿನ, ಎಲ್ಲವೂ ಬಂದಿತೆಂಬ ಭ್ರಮೆಯಲ್ಲಿ, ಬಾಗಿಲಲ್ಲಿ ಬಂದವರಿಗೆ ಉತ್ತರ ಕೊಡುತ್ತ ಕತ್ತಿಯಾಡಿಸಿದುದರ ಫಲ. ರಕ್ತ ಬಂದರೆ ಗಾಬರಿಯಾಗದೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಸಣ್ಣ ಗೀರಿಗೆ ಒದ್ದೆ ಮಾಡಿದ ಸ್ಫಟಿಕದ ತುಂಡನ್ನು ಸವರಿದರೆ ನಿಲ್ಲುತ್ತದೆ. ಸುಬೇದಾರರು ಆ ಗಾಯವನ್ನು ನೋಡಿ, “ಸರಿ, ಇನ್ನು ನೀನು ಕಲಿಯುತ್ತೀಯೆ” ಎಂದರು.

ಕೆಲವು ಎಚ್ಚರಿಕೆಗಳು

ಕೈಜಾರಿ ಬೀಳುವ ಕತ್ತಿಯನ್ನು ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ. ನಲ್ಲಿಗೆ ತಾಗಿದರೆ ಬಾಯಿ ಮುಕ್ಕಾಗುತ್ತದೆ. ಮಕ್ಕಳ ಕೈಗೆ ಎಟುಕುವಲ್ಲಿ ಇಡಬೇಡಿ. ನಿದ್ದೆಗೆಟ್ಟ ದಿನ, ಸಿಟ್ಟು ಬಂದ ದಿನ, ಅವಸರದ ದಿನ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ ಸೇವಿಸುವವರೂ ಮಧುಮೇಹಿಗಳೂ ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಕೈಹಾಕಬಾರದು. ಒಬ್ಬರ ಕತ್ತಿಯನ್ನು ಇನ್ನೊಬ್ಬರು ಬಳಸಲೇಬಾರದು. ಕಣ್ಣಿಗೆ ಕಾಣದಷ್ಟು ರಕ್ತದ ಮೂಲಕವೂ ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ‘ಬಿ’, ‘ಸಿ’ ಮುಂತಾದ ಸೋಂಕುಗಳು ಹರಡಬಲ್ಲವು. ಕ್ಷೌರದಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡನ್ನು ಮುರಿದು ಹಾಕುವ ಪದ್ಧತಿಯ ಅರ್ಥ ಇದೇ. ಅದನ್ನು ಕೇಳಿ ಪಡೆಯಲು ಯಾರೂ ಸಂಕೋಚಪಡಬೇಕಾಗಿಲ್ಲ.

ಅಂಗಡಿಯ ಮಾತು ಬಂದುದರಿಂದ ಒಂದು ಅರಿಕೆ. ನನ್ನ ಮುಖದ ಏರುತಗ್ಗು ನನಗೆ ಒಳಗಿನಿಂದಲೂ ಗೊತ್ತು; ಆದರೂ ಕಲಿಯಲು ತಿಂಗಳುಗಳು ಹಿಡಿದುವು. ಕ್ಷೌರಿಕನಾದರೋ ಅಪರಿಚಿತನ ಕೊರಳಿನ ಮೇಲೆ, ಅವನು ಮಾತಾಡುತ್ತಿರುವಾಗಲೇ, ದಿನಕ್ಕೆ ಹತ್ತಾರು ಬಾರಿ ಇದನ್ನು ನೆರವೇರಿಸುತ್ತಾನೆ. ಇಂಥ ಕೌಶಲದ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುವ ನಾಲಗೆಗಳು ಇನ್ನೂ ಉಂಟು. ಸವಿತಾ ಸಮಾಜದವರು ಈ ಬಗ್ಗೆ ನೊಂದುಕೊಳ್ಳುವುದರಲ್ಲಿ ನ್ಯಾಯವಿದೆ. ಕತ್ತಿಯನ್ನು ಒಂದೇ ಒಂದು ವಾರ ಕೈಯಲ್ಲಿ ಹಿಡಿದವನು ಮತ್ತೆ ಆ ಮಾತನ್ನಾಡಲಾರ.

ಮಳೆಯೊಡನೆ ಹೋರಾಟ

ಕೊಡಗಿನಲ್ಲಿ ಕತ್ತಿಯ ದೊಡ್ಡ ವೈರಿ ಗಡ್ಡವಲ್ಲ, ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಪಾದರಕ್ಷೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಒಳ್ಳೆಯ ಕ್ಷೌರಕತ್ತಿಯ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು; ಹರಿತ ಚೆನ್ನಾಗಿ ನಿಲ್ಲುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಆದುದರಿಂದ ಕ್ಷೌರ ಮುಗಿದೊಡನೆ ತೊಳೆದು, ಅಲಗನ್ನೂ ಹಿಡಿಯ ಒಳಬದಿಯನ್ನೂ ಒಣಬಟ್ಟೆಯಿಂದ ಒರೆಸಿ, ತೆರೆದಂತೆಯೇ ಸ್ವಲ್ಪ ಹೊತ್ತು ಆರಲು ಬಿಡಬೇಕು. ಅನಂತರ ಬೆರಳಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ತೆಗೆದುಕೊಂಡು, ಬೆನ್ನಿನಿಂದ ಬಾಯಿಯ ಕಡೆಗೆ ತೆಳುವಾಗಿ ಸವರಬೇಕು. ಬಚ್ಚಲು ಮನೆಯಲ್ಲಿ ಇಡಲೇಬಾರದು. ಮರುದಿನ ಬಳಸುವ ಮುನ್ನ ಎಣ್ಣೆಯನ್ನು ಒರೆಸಿ ತೆಗೆದರಾಯಿತು.

ಈ ಬುದ್ಧಿಯನ್ನು ಕೊಡಗಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಾಟಿಯ ಕೆಲಸ ಮುಗಿದು ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು, ತಿಕ್ಕಿ ಬೆಳಗಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಯುಧವನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಿಟ್ಟು ನೋಡಬೇಕೆಂಬ ನಿಯಮ ಅದರೊಳಗಿದೆ. ಕೊಡವರ ಮದುವೆಯಲ್ಲಿ ವರನಿಗೆ ಕ್ಷೌರ ಮಾಡಿಸುವುದೂ ಒಂದು ಶಾಸ್ತ್ರವೇ ಆಗಿತ್ತು. ಸೊಂಟದಲ್ಲಿ ಪೀಚೆಕತ್ತಿ ಸಿಕ್ಕಿಸಿ ಹೊರಡುವ ಮದುಮಗನ ಸಂಭ್ರಮಕ್ಕೆ ಮುನ್ನ ಈ ಚಿಕ್ಕ ಕತ್ತಿಯ ಸರದಿ.

ಕಳೆದ ವರ್ಷದ ಮಳೆಗಾಲದಲ್ಲಿ ಸುಬೇದಾರರು ಜ್ವರದಿಂದ ಹಾಸಿಗೆ ಹಿಡಿದರು. ನೋಡಲು ಹೋದಾಗ ಮುಖದ ಮೇಲೆ ನಾಲ್ಕು ದಿನದ ಬಿಳಿಗಡ್ಡ. ಮೀಸೆಯ ತುದಿಯನ್ನು ಮುಟ್ಟಿಕೊಂಡು, “ಸಿಪಾಯಿಗೆ ಇದು ಲಕ್ಷಣವಲ್ಲ” ಎಂದರು. ನಾನು ಏನೂ ಹೇಳದೆ ಒಳಗೆ ಹೋಗಿ ಬಿಸಿನೀರು ತಂದೆ. ಅವರ ಕತ್ತಿಯನ್ನೇ ಅವರ ಪಟ್ಟಿಯ ಮೇಲೆ ನಲವತ್ತು ಸಲ ಎಳೆದೆ. ಅವರು ಕಣ್ಣು ಮುಚ್ಚಿ ಕೊರಳೆತ್ತಿದರು. ನನ್ನ ಕೈ ನಡುಗಲಿಲ್ಲ. ಮುಗಿದ ಮೇಲೆ ಗಲ್ಲವನ್ನು ಸವರಿ ನೋಡಿ, “ಎಡಗಿವಿಯ ಕೆಳಗೆ ಸ್ವಲ್ಪ ಉಳಿದಿದೆ” ಎಂದರು. ಅದನ್ನೂ ತೆಗೆದೆ. ಅವರು ಚೇತರಿಸಿಕೊಂಡು ಈಗ ಮತ್ತೆ ತಾವೇ ಮಾಡಿಕೊಳ್ಳುತ್ತಿದ್ದಾರೆ.

ಮೊನ್ನೆ ರಜೆಗೆ ಬಂದ ನನ್ನ ಕಿರಿಯ ಮಗ ಜಗುಲಿಯ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದವನು, “ಅಪ್ಪಾ, ನನಗೂ ಒಂದು ತರಿಸಿಕೊಡಿ” ಎಂದನು. ತರಿಸೋಣವೆಂದೆ. ಅದಕ್ಕೆ ಮೊದಲು ಅಜ್ಜನ ಮೊಂಡು ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆದು, ಎಣ್ಣೆಯೊರೆಸಿ, ಅವನ ಕೈಗಿತ್ತು ಕಿಟಕಿಯ ಪಟ್ಟಿಯ ಮುಂದೆ ನಿಲ್ಲಿಸಿದೆ. ಹದಿನೈದು ದಿನಗಳ ಲೆಕ್ಕ ಅಂದಿನಿಂದ ಆರಂಭವಾಗಿದೆ.